ದೈವಚಿತ್ತದ ಹಾದಿಯಲ್ಲಿ ಸಂತ ಜೋಸೆಫ್ ವಾಜ್

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ಕಟ್ಟಡದ ಚರಿತ್ರೆ, ಹಿಂದೆ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ದಾನಿಗಳ ನಾಮಾವಳಿ ಇವೆಲ್ಲವೂ ಬೇರೆ ಪುಟಗಳಲ್ಲಿ ಬರಲಿವೆ. ಆದುದರಿಂದ ಈ ದೇವಾಲಯದ ಮೊದಲ ಕಲ್ಲು ಬೀಳುವುದಕ್ಕೆ ಎರಡು ಶತಮಾನಗಳಿಗೂ ಹಿಂದೆ ನಮ್ಮ ಈ ಕರಾವಳಿಯ ದಾರಿಗಳಲ್ಲಿ ಬರಿಗಾಲಿನಲ್ಲಿ ನಡೆದ ಒಬ್ಬ ಗುರುವಿನ ಜೀವನವನ್ನು ಸ್ಮರಿಸುವುದು ಉಚಿತವೆಂದು ನಮಗೆ ತೋರಿತು. ಅವರೇ ಲಂಕೆಯ ಪ್ರೇಷಿತರೆಂದು ಪ್ರಖ್ಯಾತರಾದ ಸಂತ ಜೋಸೆಫ್ ವಾಜ್.

ಅವರನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಅದನ್ನು ಮರೆಮಾಚದೆ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ನಾವು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ, ಮಳೆಗಾಲದ ಮೊದಲ ದಿನಗಳಲ್ಲಿ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಒಬ್ಬ ಯುವಕ ತೀರಿಕೊಂಡ. ವಿಧವೆ ತಾಯಿಗೆ ಅವನೊಬ್ಬನೇ ಮಗ. ಶವಸಂಸ್ಕಾರದ ದಿನ ನಾವು ವಾಡಿಕೆಯಂತೆ, ಇದು ದೇವರ ಚಿತ್ತ, ನಾವು ತಲೆಬಾಗಬೇಕು ಎಂದು ಬೋಧಿಸಿದೆವು. ಏಳನೆಯ ದಿನದ ಪೂಜೆ ಮುಗಿದ ಮೇಲೆ ಆ ತಾಯಿ ಗುರುನಿವಾಸಕ್ಕೆ ಬಂದು, ದೋಣಿಯನ್ನು ಮಗುಚಿದವರು ದೇವರೇ ಹೌದೇ ಎಂದು ಕೇಳಿದರು. ಕೋಪದಿಂದಲ್ಲ, ತಿಳಿಯಬೇಕೆಂಬ ಆಸೆಯಿಂದ ಕೇಳಿದರು. ದೇವರು ಇಚ್ಛಿಸುವುದು ಬೇರೆ, ಅನುಮತಿಸುವುದು ಬೇರೆ ಎಂದು ಗುರುಮಠದಲ್ಲಿ ಕಲಿತ ವಿವರಣೆಯನ್ನು ನಾವು ಅವರ ಮುಂದಿಟ್ಟೆವು. ಅದು ಸುಳ್ಳಲ್ಲ. ಆದರೆ ಅವರು ಸುಮ್ಮನೆ ಕೇಳಿಕೊಂಡು, ಸೆರಗು ಸರಿಮಾಡಿಕೊಂಡು ಹೊರಟುಹೋದಾಗ, ನಾವು ಅವರಿಗೆ ಏನನ್ನೂ ಕೊಡಲಿಲ್ಲವೆಂಬುದು ನಮಗೆ ತಿಳಿದಿತ್ತು. ಆ ಮೇಲೆ ನಾವು ದೈವಚಿತ್ತ ಎಂಬ ಮಾತನ್ನು ಸಾವಿನ ಮನೆಯಲ್ಲಿ ಅಷ್ಟು ಸಲೀಸಾಗಿ ಆಡಿದ್ದಿಲ್ಲ. ಆ ಮಾತಿಗೆ ಅರ್ಥ ಹುಡುಕುತ್ತ ನಾವು ಓದಿದ ಜೀವನಚರಿತ್ರೆಗಳಲ್ಲಿ ಫಾದರ್ ವಾಜ್ ಅವರದು ನಮ್ಮ ಮನಸ್ಸಿನಲ್ಲಿ ಉಳಿದುಹೋಯಿತು.

ಜೋಸೆಫ್ ವಾಜ್ ಅವರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಪ್ರಾಂತದ ಬಾಣಾವಲಿ ಎಂಬ ಗ್ರಾಮದಲ್ಲಿ, ತಾಯಿಯ ತವರೂರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವೊ ವಾಜ್, ಸಾಂಕ್ವಾಳದವರು. ತಾಯಿ ಮರಿಯ ದೆ ಮಿರಾಂದ. ಕುಟುಂಬವು ಕೊಂಕಣಿ ಮನೆಮಾತಿನ, ದೈವಭಕ್ತಿಯುಳ್ಳ ಸದ್ಗೃಹಸ್ಥರ ಕುಟುಂಬ. ಬಾಲಕನು ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಲಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತು, ಮುಂದೆ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕರ ಸಂತ ಥಾಮಸ್ ಅಕ್ವಿನಾಸರ ವಿದ್ಯಾಶಾಲೆಯಲ್ಲಿಯೂ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ದೀಕ್ಷೆ ಪಡೆದ ಮೇಲೆ ಪಾದರಕ್ಷೆಗಳನ್ನು ತೊಡುವುದನ್ನೇ ಬಿಟ್ಟರು. ಬಡವರಂತೆ ನಡೆಯಬೇಕೆಂಬುದು ಅವರ ವ್ರತ. ಮರುವರ್ಷ ಆಗಸ್ಟ್ 5ರಂದು ತಾವು ದೇವಮಾತೆ ಮರಿಯಮ್ಮನವರ ಶಾಶ್ವತ ದಾಸರೆಂದು ಸ್ವಹಸ್ತದಿಂದ ದಾಸ್ಯಪತ್ರವೊಂದನ್ನು ಬರೆದು ಸಹಿ ಹಾಕಿದರು. ಆ ಕಾಲದಲ್ಲಿ ಗೋವೆಯ ಬೀದಿಗಳಲ್ಲಿ ನಿಜವಾದ ಗುಲಾಮರನ್ನು ಕೊಂಡು ಮಾರುತ್ತಿದ್ದರು. ದಾಸ್ಯವೆಂದರೆ ಏನೆಂದು ಕಣ್ಣಾರೆ ಕಂಡು ಬರೆದ ಪತ್ರ ಅದು, ಕಾವ್ಯಾಲಂಕಾರವಲ್ಲ.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. ಅಂದಿನ ಗೋವೆಯಲ್ಲಿ ಈ ನಾಡಿನ ಮಕ್ಕಳು ಧರ್ಮಪ್ರಾಂತದ ಗುರುಗಳಾಗಬಹುದಿತ್ತಾದರೂ ಯೂರೋಪಿನ ಸನ್ಯಾಸಿ ಸಭೆಗಳ ಬಾಗಿಲು ಅವರಿಗೆ ತೆರೆದಿರಲಿಲ್ಲ. ಎಷ್ಟೇ ವಿದ್ಯಾವಂತನಾದರೂ, ಎಷ್ಟೇ ಭಕ್ತನಾದರೂ, ಚರ್ಮದ ಬಣ್ಣ ಅಡ್ಡ ಬರುತ್ತಿತ್ತು. ಧರ್ಮಸಭೆಯ ಚರಿತ್ರೆಯನ್ನು ಬೋಧಿಸುವವರು ಈ ಪುಟವನ್ನು ಅವಸರದಲ್ಲಿ ತಿರುವಿಬಿಡುತ್ತಾರೆ. ನಾವು ವಿದ್ಯಾರ್ಥಿಗಳಾಗಿದ್ದಾಗಲೂ ಹಾಗೆಯೇ ಆಯಿತು. ಆ ಬಾಗಿಲು ಮುಚ್ಚಿದ್ದು ದೈವಚಿತ್ತವೇ? ನಾವು ಹಾಗೆ ಹೇಳಲಾರೆವು. ಅದು ಮನುಷ್ಯರ ಅಹಂಕಾರ. ಆದರೆ ಮುಚ್ಚಿದ ಬಾಗಿಲಿನ ಮುಂದೆ ಕುಳಿತು ಕಣ್ಣೀರು ಸುರಿಸುವುದು ವಾಜ್ ಅವರ ಸ್ವಭಾವದಲ್ಲಿರಲಿಲ್ಲವೆಂಬುದನ್ನು ಮುಂದೆ ಕಾಣುತ್ತೇವೆ.

ಆ ದಿನಗಳಲ್ಲಿ ಲಂಕೆಯಿಂದ ದುಃಖದ ವಾರ್ತೆಗಳು ಬರುತ್ತಿದ್ದವು. 1656ರಲ್ಲಿ ಕೊಲಂಬೋ, 1658ರಲ್ಲಿ ಜಾಫ್ನಾ ಪೋರ್ಚುಗೀಸರ ಕೈಯಿಂದ ಡಚ್ಚರ ವಶವಾಗಿದ್ದವು. ಕಾಲ್ವಿನ್ ಮತದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿ, ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿದ್ದರು. ಸಾವಿರಾರು ಕ್ರೈಸ್ತರು ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಮರಣಕಾಲದ ಅಭ್ಯಂಗವಿಲ್ಲದೆ ಬದುಕುತ್ತಿದ್ದರು, ಸಾಯುತ್ತಿದ್ದರು. ಇದನ್ನು ಕೇಳಿದ ತರುಣ ಗುರು ವಾಜ್ ಅಲ್ಲಿಗೆ ಹೋಗಲು ಅಪ್ಪಣೆ ಬೇಡಿದರು. ಇದಕ್ಕಿಂತ ಪವಿತ್ರವಾದ ಬೇಡಿಕೆ ಯಾವುದುಂಟು? ದೇವರೇ ಹುಟ್ಟಿಸಿದ ಆಸೆಯೆಂದು ಯಾರಿಗಾದರೂ ತೋರುತ್ತದೆ. ಅಪ್ಪಣೆ ಸಿಗಲಿಲ್ಲ. ಬದಲಾಗಿ 1681ರಲ್ಲಿ ಅವರನ್ನು ಕೆನರಾ ಪ್ರಾಂತದ ಗುರುಗಳ ಮುಖ್ಯಸ್ಥರನ್ನಾಗಿ ನೇಮಿಸಿ ನಮ್ಮ ಕಡೆಗೆ ಕಳುಹಿಸಿದರು.

ವರ್ಗಾವಣೆಯ ಪತ್ರವನ್ನು ಕೈಯಲ್ಲಿ ಹಿಡಿದ ಗುರುವಿನ ಮನಸ್ಸು ನಮಗೆ ಗೊತ್ತು. ನಾಲ್ಕು ದಶಕಗಳ ಸೇವೆಯಲ್ಲಿ ಅಂಥ ಪತ್ರಗಳನ್ನು ನಾವು ಹಲವು ಬಾರಿ ಪಡೆದಿದ್ದೇವೆ, ವಿಧೇಯತೆಯಿಂದ ಹೋಗಿದ್ದೇವೆ, ಹೋಗುವ ಮುನ್ನ ಆಪ್ತರ ಬಳಿ ಗೊಣಗಿಯೂ ಇದ್ದೇವೆ. ವಾಜ್ ಗೊಣಗಿದರೋ ಇಲ್ಲವೋ ಅವರ ಚರಿತ್ರೆಕಾರರು ಬರೆದಿಲ್ಲ. ಅವರು ಹೊರಟರು, ಅಷ್ಟೆ.

ಕೆನರಾ ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಶಿವಪ್ಪನಾಯಕನ ಕಾಲದಲ್ಲಿ ಪೋರ್ಚುಗೀಸರು ಈ ಕರಾವಳಿಯ ಕೋಟೆಗಳನ್ನು ಕಳೆದುಕೊಂಡ ಮೇಲೆ ದೇವಾಲಯಗಳು ಪಾಳುಬಿದ್ದಿದ್ದವು, ಜನರು ಚದುರಿಹೋಗಿದ್ದರು. ಇದರ ಜೊತೆಗೆ ಇನ್ನೊಂದು ಸಂಕಟ. ಪೋರ್ಚುಗಲ್ ದೊರೆಯ ಪೋಷಕಾಧಿಕಾರಕ್ಕೊಳಪಟ್ಟ ಗೋವೆಯ ಮಹಾಧರ್ಮಾಧ್ಯಕ್ಷರಿಗೂ, ರೋಮಾಪುರಿಯ ಧರ್ಮಪ್ರಸಾರ ಪರಿಷತ್ತಿನಿಂದ ನೇಮಕಗೊಂಡು ಮಂಗಳೂರಿನಲ್ಲಿ ನೆಲೆಸಿದ್ದ ಧರ್ಮಾಧ್ಯಕ್ಷ ಥಾಮಸ್ ದೆ ಕ್ಯಾಸ್ತ್ರೊ ಅವರಿಗೂ ನಡುವೆ ಅಧಿಕಾರದ ವಿವಾದ. ಒಬ್ಬರ ಗುರುಗಳು ಕೊಟ್ಟ ಸಂಸ್ಕಾರಗಳು ಸಿಂಧುವಲ್ಲವೆಂದು ಇನ್ನೊಬ್ಬರ ಕಡೆಯವರು ಸಾರುತ್ತಿದ್ದರು. ಮದುವೆಯಾದವರಿಗೆ ತಮ್ಮ ಮದುವೆ ಸರಿಯೋ ಅಲ್ಲವೋ ಎಂಬ ಸಂಶಯ. ಪಾಪನಿವೇದನೆ ಮಾಡಿದವರಿಗೆ ಪಾಪ ಕಳೆಯಿತೋ ಇಲ್ಲವೋ ಎಂಬ ಭಯ. ಕಾನೂನಿನ ಪುಸ್ತಕದಲ್ಲಿ ಎರಡು ಪ್ಯಾರಾಗಳಲ್ಲಿ ಮುಗಿಯುವ ಈ ವಿವಾದ ಬಡ ಗೇಣಿದಾರನ ಮನೆಯಲ್ಲಿ ಎಷ್ಟು ರಾತ್ರಿಗಳ ನಿದ್ದೆ ಕೆಡಿಸಿತೆಂಬುದನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಮೂವತ್ತು ವರ್ಷದ ವಾಜ್ ಈ ಜಗಳದ ನಡುವೆ ಬಂದು ನಿಂತರು. ಧರ್ಮಾಧ್ಯಕ್ಷ ಕ್ಯಾಸ್ತ್ರೊ ಅವರನ್ನು ವಿರೋಧಿಸಬೇಕೆಂಬುದು ಗೋವೆಯ ಆಜ್ಞೆ. ಆ ಧರ್ಮಾಧ್ಯಕ್ಷರಾದರೋ ಜಗದ್ಗುರುಗಳ ನೇಮಕವನ್ನು ಹೊಂದಿದ್ದವರು. ಯಾರ ಮಾತು ದೇವರ ಮಾತು? ದೈವಚಿತ್ತವನ್ನು ಅರಿಯುವುದು ಸುಲಭವೆನ್ನುವವರು ಈ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಬೇಕು. ವಾಜ್ ಅವರು ತಮ್ಮ ಮೇಲಧಿಕಾರಿಗಳಿಗೆ ವಿಧೇಯರಾಗಿಯೇ ಇದ್ದು, ಕ್ಯಾಸ್ತ್ರೊ ಅವರ ಬಳಿಗೆ ವಿನಯದಿಂದ ಹೋಗಿ, ರೋಮಿನ ತೀರ್ಮಾನ ಬರುವ ತನಕ ಜನರ ಸಂಸ್ಕಾರಗಳಿಗೆ ಸಂಶಯ ತಗಲದಂತೆ ಅವರಿಂದಲೂ ಅನುಮತಿ ಪಡೆದುಕೊಂಡರೆಂದು ಚರಿತ್ರೆಕಾರರು ಬರೆಯುತ್ತಾರೆ. ಯಾವ ಪಕ್ಷಕ್ಕೂ ಇದು ಪೂರ್ತಿ ಹಿಡಿಸಿರಲಾರದು. ಜನರಿಗೆ ಮಾತ್ರ ನೆಮ್ಮದಿಯಾಯಿತು.

ಉಳಿದ ಕಾಲವೆಲ್ಲ ನಡಿಗೆ. ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಮಂಗಳೂರು. ಹೊಳೆಗಳನ್ನು ದೋಣಿಯಲ್ಲಿ ದಾಟಿ, ಗದ್ದೆಯ ಬದುಗಳ ಮೇಲೆ ನಡೆದು, ಬಿದ್ದ ಗುಡಿಗಳನ್ನು ಎತ್ತಿ ನಿಲ್ಲಿಸಿ, ಹುಲ್ಲುಮಾಡಿನ ಪ್ರಾರ್ಥನಾಲಯಗಳನ್ನು ಕಟ್ಟಿಸಿ, ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಏರ್ಪಾಡು ಮಾಡಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ನಡೆದುದೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿರುವ ಕಥೆ ಎಲ್ಲರಿಗೂ ತಿಳಿದದ್ದೇ: ರಾತ್ರಿಯ ವೇಳೆ ರೋಗಿಯೊಬ್ಬರಿಗೆ ಸಂಸ್ಕಾರ ಕೊಡಬೇಕೆಂಬ ನೆವದಿಂದ ಅವರನ್ನು ಕೊಲ್ಲಲು ಗುಡ್ಡಕ್ಕೆ ಕರೆದೊಯ್ದರೆಂದೂ, ಅಲ್ಲಿ ಬೆಳಕು ಹೊಳೆದು ಬಂಡೆಯಿಂದ ನೀರಿನ ಒರತೆಗಳು ಚಿಮ್ಮಿದವೆಂದೂ ಜನಶ್ರುತಿ. ದಾಖಲೆ ಕೇಳುವ ವಿದ್ವಾಂಸರೊಡನೆ ನಾವು ವಾದಿಸುವುದಿಲ್ಲ. ರಾತ್ರಿ ವೇಳೆ ಕರೆ ಬಂದಾಗ ಎದ್ದು ಹೋಗುವ ಗುರುವಾಗಿದ್ದರೆಂಬುದನ್ನು ಮಾತ್ರ ಆ ಕಥೆಯಿಂದ ತೆಗೆದುಕೊಳ್ಳುತ್ತೇವೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಹಳೆಯ ಗೋವೆಯ ಗುಡ್ಡದ ಮೇಲಿನ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಕೆಲವು ಸ್ಥಳೀಯ ಗುರುಗಳು ಒಟ್ಟಾಗಿ ತಪೋಜೀವನ ನಡೆಸುತ್ತಿದ್ದರು. ವಾಜ್ ಅವರನ್ನು ಸೇರಿಸಿಕೊಂಡು 1685ರಲ್ಲಿ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ಓರೆಟರಿ ಸಭೆಯ ನಿಯಮಗಳನ್ನು ಅನುಸರಿಸಿದ ಈ ಕೂಟವು ಈ ನಾಡಿನ ಗುರುಗಳಿಂದಲೇ ಕೂಡಿದ ಸಭೆಯಾಗಿ ಬೆಳೆಯಿತು. ಯೂರೋಪಿನ ಸಭೆಗಳು ತೆರೆಯದ ಬಾಗಿಲಿನ ಪಕ್ಕದಲ್ಲಿ ಹೀಗೆ ಇನ್ನೊಂದು ಮನೆಯೇ ಎದ್ದಿತು. ಅದು ಎದ್ದಿಲ್ಲದಿದ್ದರೆ ಮುಂದೆ ಲಂಕೆಗೆ ಗುರುಗಳನ್ನು ಕಳುಹಿಸುವವರೇ ಇರುತ್ತಿರಲಿಲ್ಲ. 1681ರಲ್ಲಿಯೇ ವಾಜ್ ಒಬ್ಬಂಟಿಯಾಗಿ ಲಂಕೆಗೆ ಹೋಗಿ ಅಲ್ಲಿಯೇ ತೀರಿಹೋಗಿದ್ದರೆ ಆ ಮಿಶನ್ ಅವರೊಂದಿಗೇ ಮುಗಿಯುತ್ತಿತ್ತು. ಇದು ಇಂದು ನಮಗೆ ಕಾಣುತ್ತದೆ. ಕೆನರಾಕ್ಕೆ ಹೊರಟ ದಿನ ಅವರಿಗೆ ಕಂಡಿರಲಿಲ್ಲ.

ಮುಖ್ಯಸ್ಥರಾದ ಮರುವರ್ಷವೇ, 1686ರಲ್ಲಿ, ಆ ಪದವಿಯನ್ನು ಬಿಟ್ಟು ಅವರು ಲಂಕೆಯತ್ತ ಹೊರಟರು. ನಮ್ಮ ಕೆನರಾದಲ್ಲಿ ಕೆಲಕಾಲ ತಂಗಿ ಹಳೆಯ ಭಕ್ತರನ್ನು ಕಂಡು, ಮಲೆಯಾಳ ತೀರವನ್ನು ಹಾದು ತೂತುಕುಡಿಯನ್ನು ಸೇರಿದರು. ಅಲ್ಲಿಂದ ಮುಂದೆ ಡಚ್ಚರ ಕಣ್ಣಿಗೆ ಬೀಳದೆ ಹೋಗಬೇಕು. ಗುರುವಸ್ತ್ರವನ್ನು ಕಳಚಿ ಕೂಲಿಯಾಳಿನ ವೇಷ ಧರಿಸಿದರು. ಸಮುದ್ರ ದಾಟಿದವರು ಇಬ್ಬರೇ: ವಾಜ್ ಮತ್ತು ಗೋವೆಯಿಂದ ಅವರ ಜೊತೆಗೆ ಬಂದ ಜಾನ್ ಎಂಬ ಸೇವಕ. ಬಲಿಪೂಜೆಯ ಸಾಮಗ್ರಿಗಳನ್ನು ಗಂಟಿನಲ್ಲಿ ಮರೆಮಾಡಿಕೊಂಡಿದ್ದರು.

ದೋಣಿಯನ್ನು ಬಿರುಗಾಳಿ ಹಿಡಿಯಿತು. ಅನ್ನನೀರಿಲ್ಲದೆ ಅಲೆದಾಡಿ, ಕೊಲಂಬೋ ಕಡೆಗೆ ಹೋಗಬೇಕಾಗಿದ್ದವರು ಮನ್ನಾರ್ ದ್ವೀಪವನ್ನು ಮುಟ್ಟಿ, ಅಲ್ಲಿಂದ 1687ರಲ್ಲಿ ಜಾಫ್ನಾ ಸೇರಿದರು. ಸೇರಿದಾಗ ಇಬ್ಬರೂ ಅಸ್ಥಿಪಂಜರಗಳಾಗಿದ್ದರು. ವಾಜ್ ಅವರಿಗೆ ಘೋರವಾದ ಆಮಶಂಕೆ ಹತ್ತಿತು. ಅಂಟುರೋಗವೆಂದು ಹೆದರಿದ ಜನರು ಅವರನ್ನು ಊರಿನ ಹೊರಗೆ ಹಾಕಿಸಿದರು. ಜಾನ್ ಕೂಡ ಹಾಸಿಗೆ ಹಿಡಿದ. ಲಂಕೆಯ ಸಾವಿರಾರು ಆತ್ಮಗಳನ್ನು ಉದ್ಧರಿಸಲು ಬಂದ ಗುರು ಎದ್ದು ನೀರು ಕುಡಿಯಲಾರದೆ ಗುಡಿಸಲಿನಲ್ಲಿ ಬಿದ್ದಿದ್ದರು. ದಯಾವಂತಳಾದ ಸ್ತ್ರೀಯೊಬ್ಬಳು ತಂದುಕೊಟ್ಟ ಗಂಜಿ ಅವರನ್ನು ಬದುಕಿಸಿತೆಂದು ಬರೆದಿದ್ದಾರೆ. ಅವಳ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಅವಳಿಗೆ ಇವರು ಗುರುಗಳೆಂದು ತಿಳಿದಿರಲಿಲ್ಲ. ಭಿಕ್ಷುಕರೆಂದೇ ತಿಳಿದು ಗಂಜಿ ಕೊಟ್ಟಳು.

ಈ ಪುಟವನ್ನು ಓದುವಾಗ ನಾವು ಪ್ರತಿ ಸಲವೂ ನಿಲ್ಲುತ್ತೇವೆ. ಆ ಬಿರುಗಾಳಿಯನ್ನು ದೇವರು ಕಳುಹಿಸಿದರೋ, ಆ ರೋಗವನ್ನು ದೇವರು ಕೊಟ್ಟರೋ, ನಾವು ಹೇಳಲಾರೆವು. ಆದರೆ ಆ ಗಂಜಿಯ ಬಟ್ಟಲು ದೇವರ ಚಿತ್ತದಿಂದ ಬಂತೆಂದು ಹೇಳಲು ನಮಗೆ ಯಾವ ಸಂಕೋಚವೂ ಇಲ್ಲ. ಗುರುಮಠದ ಪುಸ್ತಕಗಳಲ್ಲಿ ಅನೇಕ ಪುಟಗಳನ್ನು ಆಕ್ರಮಿಸಿದ ಪ್ರಶ್ನೆ ಆ ಹೆಂಗಸಿಗೆ ಎದುರಾದಂತೆ ಕಾಣುವುದಿಲ್ಲ. ಬಾಗಿಲ ಮುಂದೆ ಹಸಿದವನಿದ್ದ, ಒಲೆಯ ಮೇಲೆ ಗಂಜಿಯಿತ್ತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಗುರುತಿಸುವುದು ಹೇಗೆಂಬ ಚಿಂತೆ ಹತ್ತಿತು. ಭಯದಿಂದ ಎಲ್ಲರೂ ಹೊರಗೆ ಡಚ್ಚರ ಮತದವರಂತೆ ನಡೆದುಕೊಳ್ಳುತ್ತಿದ್ದರು. ವಾಜ್ ಕೊರಳಿಗೆ ದೊಡ್ಡದೊಂದು ಜಪಮಾಲೆಯನ್ನು ಧರಿಸಿ ಮನೆಯಿಂದ ಮನೆಗೆ ಭಿಕ್ಷೆಗೆ ಹೊರಟರು. ಅಪಾಯದ ಉಪಾಯ. ಜಪಮಾಲೆಯನ್ನು ಕಂಡು ಕೆಲವರು ಬೈದರು, ಕೆಲವರು ಕಂಡೂ ಕಾಣದಂತಿದ್ದರು, ಕೆಲವರ ಕಣ್ಣು ಮಾತ್ರ ಆ ಮಣಿಗಳ ಮೇಲೆ ನೆಟ್ಟು ನಿಂತಿತು. ಅಂಥ ಒಂದು ಮನೆಯಲ್ಲಿ, ಆಳವಾಗಿ ಪರೀಕ್ಷಿಸಿ ನಂಬಿಕೆ ಬಂದ ಮೇಲೆ, ತಾವು ಗುರುವೆಂದು ತಿಳಿಸಿದರು. ಸುಮಾರು ಮೂವತ್ತು ವರ್ಷಗಳ ತರುವಾಯ ಆ ಸೀಮೆಯ ಜನರು ಗುರುವಿನ ಮುಖ ಕಂಡರು. ಸಿಲ್ಲಾಲೈ ಗ್ರಾಮವನ್ನು ನೆಲೆಯನ್ನಾಗಿ ಮಾಡಿಕೊಂಡು, ಹಗಲು ಅಡಗಿದ್ದು, ರಾತ್ರಿ ಬಲಿಪೂಜೆ ಅರ್ಪಿಸುತ್ತ, ಪಾಪನಿವೇದನೆ ಕೇಳುತ್ತ, ಜ್ಞಾನಸ್ನಾನ ಕೊಡುತ್ತ ಎರಡು ವರ್ಷ ಕಳೆದರು. ತಮಿಳನ್ನು ಕಲಿತರು.

1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಪೂಜೆಗೆ ಸೇರಿದವರ ಮೇಲೆ ಎರಗಿದರು. ಗುರು ತಪ್ಪಿಸಿಕೊಂಡರು. ಸುಮಾರು 200 ಮಂದಿ ಸೆರೆಯಾದರು. ಮುಂದಾಳುಗಳನ್ನು ಕ್ರೂರವಾಗಿ ಹೊಡೆಸಿದರು. ಅವರಲ್ಲಿ ಒಬ್ಬರು ಏಟುಗಳಿಂದಲೇ ಮಡಿದರು, ಉಳಿದವರನ್ನು ಕೋಟೆಯ ಕೆಲಸಕ್ಕೆ ಗುಲಾಮರಂತೆ ಹಚ್ಚಿದರು. ತಾವು ಬದುಕಿ ಉಳಿದು ತಮಗಾಗಿ ಇನ್ನೊಬ್ಬರು ಸತ್ತರೆಂಬ ಭಾರವನ್ನು ಆ ಗುರು ಹೇಗೆ ಹೊತ್ತರೋ ನಾವರಿಯೆವು. ಇದನ್ನು ದೇವರ ಚಿತ್ತವೆಂದು ಹೇಳಿ ಡಚ್ಚ ಅಧಿಕಾರಿಯನ್ನು ಪಾಪಮುಕ್ತಗೊಳಿಸಲು ನಮಗೆ ಅಧಿಕಾರವಿಲ್ಲ. ಪಾಪ ಪಾಪವೇ. ಜಾಫ್ನಾದಲ್ಲಿ ತಾವಿದ್ದರೆ ಇನ್ನಷ್ಟು ಜನರ ಜೀವಕ್ಕೆ ಅಪಾಯವೆಂದು ಕಂಡು ವಾಜ್ 1690ರಲ್ಲಿ ದಕ್ಷಿಣಕ್ಕೆ, ಕ್ಯಾಂಡಿಯ ಅರಸನ ಸೀಮೆಗೆ ಸೇರಿದ ಪುತ್ತಳಂಗೆ ಹೋದರು.

ಅಲ್ಲಿಂದ ರಾಜಧಾನಿಯಾದ ಕ್ಯಾಂಡಿಗೆ ಹೋಗಬೇಕೆಂಬುದು ಅವರ ಸಂಕಲ್ಪ. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಉದಾರನೆಂದು ಹೆಸರು ಪಡೆದಿದ್ದ. 1692ರಲ್ಲಿ ವಾಜ್ ಕ್ಯಾಂಡಿಯ ಗಡಿ ತಲುಪುವಷ್ಟರಲ್ಲಿ, ಅರಸನ ಆಸ್ಥಾನದಲ್ಲಿದ್ದ ಒಬ್ಬ ಫ್ರೆಂಚ್ ಪ್ರಾಟೆಸ್ಟೆಂಟನು ಇವರು ಪೋರ್ಚುಗೀಸರ ಗೂಢಚಾರರೆಂದು ದೂರಿತ್ತ. ಸ್ವಾಗತದ ಬದಲು ಸೆರೆಮನೆ ಕಾದಿತ್ತು.

ಸೆರೆಮನೆಯಲ್ಲಿ ಅವರು ಏನು ಮಾಡಿದರು? ಸಿಂಹಳ ಭಾಷೆಯನ್ನು ಕಲಿತರು. ಬಿಡುಗಡೆ ಯಾವಾಗ ಎಂದು ತಿಳಿಯದವನು, ಬಿಡುಗಡೆಯಾದ ಮೇಲೆ ಬೇಕಾಗುವ ಭಾಷೆಯನ್ನು ಕಲಿಯುತ್ತ ಕುಳಿತ. ವಿಶ್ವಾಸವೆಂಬ ಮಾತಿಗೆ ನಿಘಂಟಿನಲ್ಲಿ ಅರ್ಥ ಹುಡುಕುವವರು ಇದನ್ನು ಗಮನಿಸಬಹುದು. ಕಾವಲುಗಾರರು ಕಟುವಾಗಿರಲಿಲ್ಲ. ಕ್ರಮೇಣ ಅಂಗಳದಲ್ಲಿ ಗುಡಿಸಲೊಂದನ್ನು ಕಟ್ಟಿಕೊಳ್ಳಲು ಬಿಟ್ಟರು. ಅದರಲ್ಲಿ ಪೂಜಾಪೀಠ ಎದ್ದಿತು. ಕ್ಯಾಂಡಿಯಲ್ಲಿದ್ದ ಕ್ರೈಸ್ತರು ಮೆಲ್ಲಮೆಲ್ಲನೆ ಅಲ್ಲಿಗೆ ಬರಲಾರಂಭಿಸಿದರು. ಗೂಢಚಾರನ ಲಕ್ಷಣ ಇವರಲ್ಲಿ ಯಾವುದೂ ಇಲ್ಲವೆಂದು ಅರಸನಿಗೂ ಮನವರಿಕೆಯಾಯಿತು. ಮೊದಲು ನಗರದೊಳಗೆ ಓಡಾಡುವ ಸ್ವಾತಂತ್ರ್ಯ, ಬಳಿಕ ದೇವಮಾತೆಯ ಹೆಸರಿನಲ್ಲಿ ದೇವಾಲಯ. 1696ರ ಬರಗಾಲದಲ್ಲಿ ಅರಸನ ಕೋರಿಕೆಯಂತೆ ಅವರು ಬಯಲಲ್ಲಿ ಪೀಠವಿರಿಸಿ ಪ್ರಾರ್ಥಿಸಿದಾಗ ಧಾರಾಕಾರವಾಗಿ ಮಳೆ ಸುರಿಯಿತೆಂದೂ, ಅಂದಿನಿಂದ ಅರಸನು ರಾಜ್ಯದಲ್ಲೆಲ್ಲ ಸಂಚರಿಸಲು ಅಪ್ಪಣೆ ಕೊಟ್ಟನೆಂದೂ ಅವರ ಜೀವನಚರಿತ್ರೆಗಳು ಸಾರುತ್ತವೆ. ಈ ಮಳೆಯ ಪವಾಡವನ್ನೇ ಚಿತ್ರಗಳಲ್ಲಿ ಹೆಚ್ಚಾಗಿ ಬರೆಯುತ್ತಾರೆ. ನಮಗೆ ಅದಕ್ಕಿಂತ ಮುಂದಿನ ವರ್ಷದ ಸಂಗತಿಯೇ ದೊಡ್ಡದಾಗಿ ಕಾಣುತ್ತದೆ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಪ್ರಧಾನರೂ ನಗರ ಬಿಟ್ಟು ಹೋದರು. ಉಳ್ಳವರು ಓಡಿದರು. ಮನೆಯವರೇ ತಮ್ಮ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಬಂದರು. ಅವರನ್ನು ನಾವು ನಿಂದಿಸುವುದಿಲ್ಲ. ಸಿಡುಬಿನ ಭಯವನ್ನು ನಮ್ಮ ಅಜ್ಜಿಯರ ಬಾಯಿಂದ ಕೇಳಿದವರಿಗೆ ಅದು ಅರ್ಥವಾಗುತ್ತದೆ. 2020ರ ಮಹಾಮಾರಿಯ ದಿನಗಳಲ್ಲಿ ಅಂತಹ ಭಯ ನಮ್ಮ ಓಣಿಗಳಿಗೂ ಬಂದಿತ್ತು. ವಾಜ್ ಅವರು, ಆಗಷ್ಟೇ ಗೋವೆಯಿಂದ ಬಂದಿದ್ದ ಓರೆಟರಿ ಗುರು ಜೋಸೆಫ್ ಕರ್ವಾಲೊ ಅವರೊಡನೆ, ಬಿಟ್ಟುಹೋದ ಮನೆಗಳನ್ನು ಆಸ್ಪತ್ರೆಗಳನ್ನಾಗಿ ಮಾಡಿ, ಕಾಡಿನಿಂದ ರೋಗಿಗಳನ್ನು ಹೊತ್ತು ತಂದು ಅಲ್ಲಿ ಮಲಗಿಸಿದರು. ಗಂಜಿ ಕುಡಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧ, ಕ್ರೈಸ್ತ ಎಂಬ ಭೇದವೆಣಿಸಲಿಲ್ಲ. ಹತ್ತು ವರ್ಷಗಳ ಹಿಂದೆ ಜಾಫ್ನಾದ ಹೊರಗೆ ಅಂಟುರೋಗಿಯೆಂದು ಎಸೆಯಲ್ಪಟ್ಟಿದ್ದವರು ಅವರೇ ಎಂಬುದನ್ನು ಮರೆಯಬಾರದು. ಎಸೆಯಲ್ಪಟ್ಟವನಿಗೆ ಏನು ಬೇಕೆಂಬುದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಲ್ಲಿಂದ ಮುಂದಿನ ಹದಿನಾಲ್ಕು ವರ್ಷಗಳ ಕಥೆಯನ್ನು ವಿಸ್ತರಿಸಲು ಈ ಸಂಚಿಕೆಯ ಪುಟಗಳು ಸಾಲವು. ಗೋವೆಯಿಂದ ಇನ್ನೂ ಹಲವು ಗುರುಗಳು ಬಂದರು. ಅವರಲ್ಲಿ 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಅವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿ ಹೆಸರಾದರು. ಪುದುಚೇರಿಗೆ ಬಂದಿದ್ದ ಜಗದ್ಗುರುಗಳ ಪ್ರತಿನಿಧಿ ಮಯ್ಯಾರ್ ದೆ ತೂರ್ನೊ ಅವರು ವಾಜ್ ಅವರ ಕೀರ್ತಿಯನ್ನು ಕೇಳಿ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಬೇಕೆಂದಾಗ, ಅವರು ಸವಿನಯದಿಂದ ನಿರಾಕರಿಸಿದರು. ವಾಜ್ ಅವರು ತೀರಿಕೊಳ್ಳುವ ಕಾಲಕ್ಕೆ ಲಂಕೆಯಲ್ಲಿ ಸುಮಾರು 70,000 ಕಥೋಲಿಕರಿದ್ದರೆಂದು ಚರಿತ್ರೆಕಾರರು ಹೇಳುತ್ತಾರೆ.

ದೇಹ ಸವೆದುಹೋಗಿತ್ತು. 1710ರಲ್ಲಿ ದೂರದ ಊರುಗಳಿಗೆ ಹೋದ ಪ್ರಯಾಣದಲ್ಲಿ ಕಾಯಿಲೆ ಬಿದ್ದು ಕ್ಯಾಂಡಿಗೆ ಮರಳಿದರು. 1711ರ ಜನವರಿ 16ರಂದು, ಸಂಸ್ಕಾರಗಳನ್ನು ಪಡೆದು, ಅರವತ್ತು ತುಂಬುವ ಮೊದಲೇ ಕಣ್ಣುಮುಚ್ಚಿದರು. ಲಂಕೆಗೆ ಕಾಲಿಟ್ಟ ಮೇಲೆ ಅವರು ಗೋವೆಯನ್ನು ಮತ್ತೆ ಕಾಣಲಿಲ್ಲ. ಅವರನ್ನು ಕ್ಯಾಂಡಿಯಲ್ಲಿಯೇ ಸಮಾಧಿ ಮಾಡಿದರು. ಆದರೆ ಆ ಸಮಾಧಿಯ ಸ್ಥಳ ಇಂದು ಯಾರಿಗೂ ತಿಳಿಯದು.

ಅವರನ್ನು ಸಂತರೆಂದು ಘೋಷಿಸುವ ವಿಚಾರಣೆಯನ್ನು ಕೊಚ್ಚಿಯ ಧರ್ಮಾಧ್ಯಕ್ಷರು 1713ರಷ್ಟು ಹಿಂದೆಯೇ ಆರಂಭಿಸಿದ್ದರು. ಅದು ನಿಂತಿತು, ಮುಂದುವರಿಯಿತು, ಮತ್ತೆ ನಿಂತಿತು. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೋದಲ್ಲಿ ಅವರಿಗೆ ಪುನೀತ ಪದವಿಯನ್ನೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ಸಮುದ್ರತೀರದ ಮೈದಾನದಲ್ಲಿ ಸಂತ ಪದವಿಯನ್ನೂ ನೀಡಿದರು. ನಮ್ಮ ಧರ್ಮಕೇಂದ್ರದ ಕಾಗದಪತ್ರಗಳು ಕಚೇರಿಗಳಲ್ಲಿ ತಡವಾದಾಗಲೆಲ್ಲ ನಾವು ಈ 302 ವರ್ಷಗಳನ್ನು ನೆನೆದು ಸಮಾಧಾನ ಪಟ್ಟುಕೊಳ್ಳುವುದುಂಟು.

ಅವರ ಹಬ್ಬದ ದಿನ, ಜನವರಿ 16ರಂದು, ಭಕ್ತಾದಿಗಳೊಡನೆ ನಾವು ಒಮ್ಮೆ ಮುಡಿಪಿಗೆ ಯಾತ್ರೆ ಹೋಗಿದ್ದೆವು. ಮೊದಲು ಹೇಳಿದ ಆ ತಾಯಿಯೂ ವಿಷಯ ತಿಳಿದು ತಮ್ಮ ಊರಿನಿಂದ ಬಂದು ನಮ್ಮನ್ನು ಕೂಡಿಕೊಂಡಿದ್ದರು. ಗುಡ್ಡದ ಮೆಟ್ಟಿಲುಗಳನ್ನು ಮೊಣಕಾಲಿನ ನೋವಿನಿಂದಾಗಿ ನಿಧಾನವಾಗಿ ಇಳಿದು, ಒರತೆಯ ಬಳಿ ಬಹಳ ಹೊತ್ತು ಕುಳಿತರು. ಬಾಟಲಿಯಲ್ಲಿ ನೀರು ತುಂಬಿಸಿಕೊಂಡರು. ನೆರೆಮನೆಯಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾನೆ, ಅವನಿಗೆ ದಿನವೂ ಗಂಜಿ ಒಯ್ದು ಕೊಡುವವರು ತಾವೇ, ಈ ನೀರೂ ಅವನಿಗಾಗಿ ಎಂದು ಹೇಳಿದರು. ಮಗನ ಮಾತು ಬರಲಿಲ್ಲ. ನಾವೂ ಏನನ್ನೂ ಬೋಧಿಸಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲಿ ಕುಳಿತು, ಈ ವರ್ಷ ಬಂಗುಡೆಗೆ ಬೆಲೆಯೇ ಇಲ್ಲವಾದ ಸಂಗತಿಯನ್ನು ದಾರಿಯುದ್ದಕ್ಕೂ ಹೇಳುತ್ತ ಬಂದರು.